ನೈಲಾನೋ ರೇಡಿಯಲ್ಲೋ: ಟಯರ್ ಕೊಳ್ಳುವ ಮೊದಲು ಡಿಸ್ಕ್ ಬಿಚ್ಚಿ ನೋಡಿ

(ಹುಬ್ಬಳ್ಳಿಯಲ್ಲಿ ಹಳೆ ಕಾರು, ಜೀಪು ಇಟ್ಟುಕೊಂಡವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಮೂರು ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ನಿಲ್ಲಿಸಿ ಬಂದಿರುವ ನಿಮ್ಮ ಗಾಡಿಯ ಟಯರ್ ಪಕ್ಕೆಯ ಮೇಲೆ ಏನು ಬರೆದಿದೆ, ಒಮ್ಮೆ ನೆನಪಿಸಿಕೊಳ್ಳಿ. ಅಂಬಾಸಿಡರ್ ಆದರೆ 5.90-15, ಪದ್ಮಿನಿ ಆದರೆ 5.20-14, ಹಳೆ ಜೀಪ್ ಆದರೆ 6.00-16. ಮೊದಲ ಸಂಖ್ಯೆ ಟಯರಿನ ಅಗಲ, ಎರಡನೆಯದು ಡಿಸ್ಕಿನ, ಅಂದರೆ ಟಯರ್ ಕೂರುವ ಉಕ್ಕಿನ ಗಾಲಿಯ, ವ್ಯಾಸ, ಎರಡೂ ಇಂಚಿನಲ್ಲಿ. ನಡುವೆ ಬರೀ ಒಂದು ಗೆರೆ ಇದ್ದರೆ ಅದು ನೈಲಾನ್ ಟಯರ್. ಆ ಜಾಗದಲ್ಲಿ ‘ಆರ್’ ಅಕ್ಷರ ಇದ್ದರೆ, ಅಂದರೆ 165/80 ಆರ್ 15 ಅಂತಿದ್ದರೆ, ರೇಡಿಯಲ್. ಪುಸ್ತಕಗಳಲ್ಲಿ ಮೊದಲನೆಯದಕ್ಕೆ ಬಯಾಸ್ ಪ್ಲೈ, ಕ್ರಾಸ್ ಪ್ಲೈ ಅಂತ ಹೆಸರು. ನೈಲಾನ್ ಅನ್ನುವುದು ಒಳಗಿನ ದಾರದ ಹೆಸರೇ ಹೊರತು ನೇಯ್ಗೆಯದಲ್ಲ. ಆದರೂ ಟಯರ್ ಅಂಗಡಿಯಲ್ಲಿ ನಡೆಯುವ ಮಾತು ಅದೇ ಆದ್ದರಿಂದ ಇಲ್ಲೂ ಅದನ್ನೇ ಬಳಸುತ್ತೇನೆ.

ಎರಡರ ನಡುವಿನ ವ್ಯತ್ಯಾಸ ಪೂರ್ತಿ ನೇಯ್ಗೆಯಲ್ಲಿದೆ. ನೈಲಾನ್ ಟಯರಿನಲ್ಲಿ ದಾರದ ಪದರಗಳು ಓರೆಯಾಗಿ, ಒಂದು ಎಡಕ್ಕೆ ಒಂದು ಬಲಕ್ಕೆ, ಈ ಬೀಡಿನಿಂದ ಆ ಬೀಡಿನವರೆಗೆ ಹೋಗಿರುತ್ತವೆ. ಬೀಡು ಅಂದರೆ ಡಿಸ್ಕಿಗೆ ಕೂರುವ ಟಯರಿನ ಗಟ್ಟಿ ಅಂಚು. ಹೊರಸಿನ ನೇಯ್ಗೆ ನೆನೆಸಿಕೊಳ್ಳಿ. ಒಂದು ಮೂಲೆಯಲ್ಲಿ ಕೂತರೆ ಇಡೀ ಹೊರಸಿನ ಹಗ್ಗ ಜಗ್ಗುತ್ತದೆ. ಹಾಗೆಯೇ ನೈಲಾನ್ ಟಯರಿನ ಪಕ್ಕೆ ಮಣಿದಾಗ ನೆಲಕ್ಕೆ ತಾಗಿರುವ ಮೇಲ್ಮೈಯೂ ಜೊತೆಗೇ ಸುಕ್ಕಾಗುತ್ತದೆ, ಪದರಕ್ಕೆ ಪದರ ಉಜ್ಜಿ ಕಾವೇರುತ್ತದೆ. ರೇಡಿಯಲ್‌ನಲ್ಲಿ ದಾರಗಳು ನೇರ ಅಡ್ಡಕ್ಕೆ ಹೋಗುತ್ತವೆ, ಅವುಗಳ ಮೇಲೆ ಸುತ್ತಲೂ ಉಕ್ಕಿನ ತಂತಿಯ ಪಟ್ಟಿ ಬಿಗಿದಿರುತ್ತದೆ. ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಹೊಡೆದ ಹಾಗೆ. ಪಕ್ಕೆ ಎಷ್ಟು ಮಣಿದರೂ ಪಟ್ಟಿಯ ಕೆಳಗಿನ ರಬ್ಬರ್ ನೆಲಕ್ಕೆ ಚಪ್ಪಟೆಯಾಗಿ ಕೂತಿರುತ್ತದೆ. ಬ್ರೇಕ್ ಹಿಡಿಯುವುದು, ಮಳೆಯಲ್ಲಿ ಜಾರದಿರುವುದು, ನಿಧಾನ ಸವೆಯುವುದು, ಡೀಸೆಲ್ ಉಳಿಯುವುದು, ಎಲ್ಲಕ್ಕೂ ಕಾರಣ ಇದೊಂದೇ.

ಇತಿಹಾಸ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ರೇಡಿಯಲ್‌ಗೆ ಪೇಟೆಂಟ್ ಪಡೆದು 1949ರಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮ ದೇಶದಲ್ಲಿ ಜೆಕೆ ಟಯರ್ 1977ರಲ್ಲಿ ತಯಾರಿಸತೊಡಗಿತು. ಅಂಬಾಸಿಡರ್ ಯಾವ ಕಾರಿನ ಅಚ್ಚಿನಲ್ಲಿ ಬಂತೋ ಆ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಇಂಗ್ಲೆಂಡಿನಲ್ಲಿ ಹೊರಬಂದದ್ದು 1956ರಲ್ಲಿ. ರೇಡಿಯಲ್ ಬಂದಿದ್ದರೂ ಆಗ ಇನ್ನೂ ಎಲ್ಲೆಡೆ ಹರಡಿರಲಿಲ್ಲ. ಅಂದರೆ ನಿಮ್ಮ ಗಾಡಿಯ ಮುಂಭಾಗದ ಕೀಲು, ಸ್ಟಿಯರಿಂಗ್, ಡಿಸ್ಕ್ ಎಲ್ಲವನ್ನೂ ಲೆಕ್ಕ ಹಾಕಿದವರ ಕಣ್ಣ ಮುಂದೆ ಇದ್ದದ್ದು ನೈಲಾನ್ ಜಾತಿಯ ಟಯರ್ ಮಾತ್ರ. ಇದನ್ನು ಮರೆತು ಬರೀ ಟಯರ್ ಬದಲಿಸಿದರೆ ‘ರೇಡಿಯಲ್ ಹಾಕ್ಸಿದ ಮ್ಯಾಲೆ ಗಾಡಿ ಕೆಟ್ಟೋತು’ ಅನ್ನುವ ದೂರು ಬರುತ್ತದೆ. ಟಯರ್, ಟ್ಯೂಬ್, ಡಿಸ್ಕ್, ಹವಾ, ಅಲೈನ್‌ಮೆಂಟ್ (ಗಾಲಿಗಳು ನಿಲ್ಲುವ ದಿಕ್ಕು) ಐದೂ ಸೇರಿ ಒಂದು ಸೆಟ್. ಒಂದನ್ನು ಬದಲಿಸಿದರೆ ಉಳಿದ ನಾಲ್ಕನ್ನೂ ಮುಟ್ಟಬೇಕು.

ಹಾಗಾದರೆ ಯಾರು ಯಾವುದು ಹಾಕಿಸಬೇಕು? ತಿಂಗಳಿಗೆ ನಾಲ್ಕಾರು ಸಲ ಬೈಪಾಸ್ ಹತ್ತಿ ಬೆಳಗಾವಿ, ದಾವಣಗೆರೆ ಕಡೆ 70-80ರ ವೇಗದಲ್ಲಿ ಓಡಿಸುವವರು ಕಣ್ಣು ಮುಚ್ಚಿ ರೇಡಿಯಲ್ ಹಾಕಿಸಿ. ಲಾರಿಗಳ ಭಾರಕ್ಕೆ ಡಾಂಬರಿನಲ್ಲಿ ಬಿದ್ದ ಉದ್ದುದ್ದ ತಗ್ಗಿಗೆ ನೈಲಾನ್ ಟಯರ್ ಸಿಕ್ಕರೆ ಸ್ಟಿಯರಿಂಗ್ ತಾನೇ ಎಳೆದಾಡುತ್ತದೆ, ಡ್ರೈವರ್ ಇಡೀ ದಾರಿ ಗಾಡಿಯನ್ನು ತಿದ್ದುತ್ತಾ ಕೂರಬೇಕು. ರೇಡಿಯಲ್‌ನಲ್ಲಿ ಈ ಕಾಟ ಬಹಳ ಕಡಿಮೆ. ಮದುವೆಯ ಮೆರವಣಿಗೆಗೆ, ಪ್ರದರ್ಶನಕ್ಕೆ ಮಾತ್ರ ಹೊರಬರುವ ಗಾಡಿಗೆ ನೈಲಾನ್ ಸಾಕು. ತೆಳ್ಳಗೆ, ಎತ್ತರವಾಗಿ ನಿಲ್ಲುವ ಆ ಟಯರ್ ಇಲ್ಲದಿದ್ದರೆ ಹಳೆ ಕಾರಿನ ನಿಲುವೇ ಕೆಡುತ್ತದೆ ಅನ್ನುವವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಇನ್ನು ನವಲಗುಂದ, ನರಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲಕ್ಕೆ ಇಳಿಯುವ ಜೀಪಿಗೆ ನೈಲಾನ್ ಟಯರೇ ಸರಿ. ಅದರ ಪಕ್ಕೆ ದಪ್ಪ, ಜಾಲಿ ಮುಳ್ಳು, ಖಡಿ ಕಲ್ಲಿನ ಅಂಚು ತಡೆಯುತ್ತದೆ. ರೇಡಿಯಲ್‌ನ ಪಕ್ಕೆ ತೆಳು. ಅಲ್ಲಿ ಸೀಳಿದರೆ ರಿಪೇರಿ ಇಲ್ಲ, ಟಯರೇ ಹೋಯಿತು. ಟ್ರ್ಯಾಕ್ಟರಿನ ಟ್ರೇಲರ್‌ಗೆ ರೈತರು ಇಂದಿಗೂ ನೈಲಾನ್ ಟಯರ್ ಹಾಕಿಸುವುದು ಸುಮ್ಮನೆ ಅಲ್ಲ.

ರೇಡಿಯಲ್ ಅಂತ ತೀರ್ಮಾನ ಮಾಡಿದವರು ಮೊದಲು ಹೋಗಬೇಕಾದದ್ದು ಟಯರ್ ಅಂಗಡಿಗಲ್ಲ. ಐದೂ ಡಿಸ್ಕ್ ಬಿಚ್ಚಿ ನೆಲಕ್ಕೆ ಹಾಕಿ. ರೇಡಿಯಲ್ ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ತಿರುವಿನಲ್ಲಿ ಆ ಎಳೆತ ಪೂರ್ತಿ ಡಿಸ್ಕಿನ ಮೇಲೆ ಬೀಳುತ್ತದೆ, ಡಿಸ್ಕ್ ಕಣ್ಣಿಗೆ ಕಾಣದಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ರೇಡಿಯಲ್ ಹಾಕಿಸಿದ ಮೇಲೆ ವ್ಹೀಲ್ ಕ್ಯಾಪ್ ತಿರುವಿನಲ್ಲಿ ಹಾರಿಹೋಗಲು ಶುರುವಾಯಿತು ಅಂದರೆ ಅದು ಕ್ಯಾಪಿನ ತಪ್ಪಲ್ಲ, ಅದರ ಕೆಳಗೆ ಡಿಸ್ಕ್ ಆಡುತ್ತಿದೆ. ಐವತ್ತು ವರ್ಷ ತುಕ್ಕು ತಿಂದ ಡಿಸ್ಕ್ ಹೀಗೇ ಬಾಗುತ್ತಾ ಹೋದರೆ ಬೋಲ್ಟಿನ ತೂತುಗಳ ಸುತ್ತ ಬಿರುಕು ಬಿಡುತ್ತದೆ.

ಬಿರುಕು ಹುಡುಕಲು ಯಂತ್ರ ಬೇಡ. ತಂತಿ ಬ್ರಶ್ಶಿನಿಂದ ಬಣ್ಣ, ತುಕ್ಕು ತೆಗೆದು ಲೋಹ ಕಾಣಿಸಿ. ಬೋಲ್ಟಿನ ತೂತುಗಳ ಸುತ್ತ ಮತ್ತು ನಡುವಿನ ತಟ್ಟೆ ಸುತ್ತಿನ ರಿಮ್ಮಿಗೆ ಸೇರುವ ಜಾಗದಲ್ಲಿ ಸೀಮೆಎಣ್ಣೆ ಹಚ್ಚಿ ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಒಣ ಬಟ್ಟೆಯಲ್ಲಿ ಒಂದು ಹನಿಯೂ ಉಳಿಯದಂತೆ ಒರೆಸಿ, ಶಾಲೆಯ ಸೀಮೆಸುಣ್ಣವನ್ನು ಪುಡಿ ಮಾಡಿ ತೆಳ್ಳಗೆ ಉದುರಿಸಿ. ಹತ್ತು ನಿಮಿಷದಲ್ಲಿ ಬಿರುಕಿನೊಳಗೆ ಹೊಕ್ಕಿದ್ದ ಎಣ್ಣೆ ಹೊರಬಂದು ಬಿಳಿ ಪುಡಿಯ ಮೇಲೆ ಕೂದಲಿನಂಥ ಕಪ್ಪು ಗೆರೆ ಮೂಡುತ್ತದೆ. ಅಂಥ ಡಿಸ್ಕನ್ನು ವೆಲ್ಡಿಂಗ್ ಮಾಡಿಸಬೇಡಿ. ವೆಲ್ಡಿಂಗ್ ಕಾವಿಗೆ ಪಕ್ಕದ ಲೋಹ ಪೆಡಸಾಗಿ ಬಿರುಕು ಅದರ ಆಚೆಗೆ ಹೊಸದಾಗಿ ಹುಟ್ಟುತ್ತದೆ. ನೇರ ಗುಜರಿಗೆ ಕೊಡಿ.

ಬಿರುಕಿಲ್ಲದ ಡಿಸ್ಕ್ ಡೊಂಕಾಗಿದೆಯೇ ನೋಡಬೇಕು. ಗಾಡಿಗೆ ಹಾಕಿ, ಜ್ಯಾಕ್ ಕೊಟ್ಟು ಎತ್ತಿ, ಸೀಮೆಸುಣ್ಣದ ತುಂಡನ್ನು ಇಟ್ಟಿಗೆಯ ಮೇಲೆ ಅಲ್ಲಾಡದಂತೆ ಇಟ್ಟು ರಿಮ್ಮಿನ ಅಂಚಿಗೆ ತಾಗುವಷ್ಟು ಹತ್ತಿರ ತನ್ನಿ. ಕೈಯಿಂದ ಗಾಲಿ ತಿರುಗಿಸಿ. ಸುತ್ತಲೂ ಗೆರೆ ಬಿದ್ದರೆ ಸರಿ. ಒಂದೇ ಕಡೆ ತಾಗಿ ಇನ್ನೊಂದು ಕಡೆ ಸಂದು ಬಿಟ್ಟರೆ ಆ ಸಂದು ಅಳೆಯಿರಿ. 1.5 ಮಿ.ಮೀ. ದಾಟಿದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ 60ರ ಮೇಲೆ ಸ್ಟಿಯರಿಂಗ್ ನಡುಗುವುದು ನಿಲ್ಲುವುದಿಲ್ಲ.

ಈಗ ಅಳತೆ. ಹಳೆ ಟಯರಿನ ಮೇಲೆ ಎತ್ತರದ ಲೆಕ್ಕ ಬರೆದಿರುವುದಿಲ್ಲ, ರೇಡಿಯಲ್ ಮೇಲೆ ಇರುತ್ತದೆ. 165/80 ಆರ್ 15 ಅಂದರೆ 165 ಮಿ.ಮೀ. ಅಗಲ, ಅದರ ನೂರಕ್ಕೆ 80 ಪಕ್ಕೆಯ ಎತ್ತರ, ಅಂದರೆ 132. ಮೇಲೊಂದು ಕೆಳಗೊಂದು ಸೇರಿ 264. 15 ಇಂಚಿನ ಡಿಸ್ಕ್ 381. ಒಟ್ಟು ವ್ಯಾಸ 645 ಮಿ.ಮೀ. ಇದೇ ಲೆಕ್ಕದಲ್ಲಿ 175/80 ಆರ್ 15ಕ್ಕೆ 661. ನಿಮ್ಮ ನೈಲಾನ್ ಟಯರಿನ ವ್ಯಾಸ ತಿಳಿಯಲು, ಹೊಸ ಸ್ಟೆಪ್ನಿ ಇದ್ದರೆ ಪೂರ್ತಿ ಹವಾ ಹಾಕಿ ಗೋಡೆಗೆ ನಿಲ್ಲಿಸಿ, ಮೇಲೆ ಒಂದು ಹಲಗೆ ಮಟ್ಟಸವಾಗಿ ಇಟ್ಟು ನೆಲದಿಂದ ಅಳೆಯಿರಿ. ಇದಕ್ಕೆ ನೂರಕ್ಕೆ ಎರಡು-ಮೂರರ ಒಳಗೆ ಹೊಂದುವ ರೇಡಿಯಲ್ ಆರಿಸಿ.

ಇಲ್ಲಿ ಒಂದು ಆಸೆ ಕಾಡುತ್ತದೆ. ಬೊಲೆರೊದ 215/75 ಆರ್ 15 ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಡಿಸ್ಕೂ 15 ಇಂಚೇ, ಅಂಬಾಸಿಡರ್‌ಗೆ ಅದನ್ನೇ ಏರಿಸಿದರಾಯಿತು ಅಂತ. ಬೇಡ. ಅದರ ವ್ಯಾಸ 703 ಮಿ.ಮೀ. ಮೇಲೆ ಹೇಳಿದ 175/80 ಆರ್ 15ರ 661ಕ್ಕಿಂತ ನೂರಕ್ಕೆ ಆರಕ್ಕೂ ಹೆಚ್ಚು. ಮೀಟರ್ 60 ತೋರಿಸುವಾಗ ಗಾಡಿ 64ರ ಹತ್ತಿರ ಓಡುತ್ತಿರುತ್ತದೆ. ಏರು ದಾರಿಯಲ್ಲಿ ಎಂಜಿನ್ ಉಸಿರುಗಟ್ಟುತ್ತದೆ, ಬ್ರೇಕಿಗೂ ಅಷ್ಟೇ ಭಾರ. ಅದಕ್ಕಿಂತ ಮುಖ್ಯವಾಗಿ, ಅಷ್ಟು ಅಗಲದ ಟಯರನ್ನು ಕಿರಿದಾದ ಹಳೆ ಡಿಸ್ಕಿಗೆ ಕೂರಿಸಿದರೆ ಬೀಡುಗಳು ಒತ್ತಟ್ಟಿಗೆ ಬಂದು ಟಯರ್ ಬಲೂನಿನಂತೆ ಉಬ್ಬುತ್ತದೆ. ಉಕ್ಕಿನ ಪಟ್ಟಿ ಹಾಕಿ ಚಪ್ಪಟೆ ಮಾಡಿದ ಮೇಲ್ಮೈ ಮತ್ತೆ ಗುಂಡಗಾಗಿ ನಡುವಷ್ಟೇ ಸವೆಯುತ್ತದೆ, ತಿರುವಿನಲ್ಲಿ ಗಾಡಿ ತೇಲಾಡುತ್ತದೆ. ಡಿಸ್ಕಿನ ಅಗಲ ಅಂಚಿನ ಒಳಮೈಯಿಂದ ಒಳಮೈಗೆ ಅಳೆಯಬೇಕು. 4 ಇಂಚು ಅಂದರೆ 102 ಮಿ.ಮೀ., 4.5 ಇಂಚು ಅಂದರೆ 114. 165/80 ಟಯರ್‌ಗೆ 4ರಿಂದ 5.5 ಇಂಚಿನ ಡಿಸ್ಕ್ ನಡೆಯುತ್ತದೆ. ಪದ್ಮಿನಿಯವರಿಗೆ ಇದು ಅನುಕೂಲ, ಸ್ವಿಫ್ಟಿನ 165/80 ಆರ್ 14 ಸುಲಭವಾಗಿ ಸಿಗುತ್ತದೆ. ಆದರೆ ಮೊದಲಿನ 5.20 ಅಂದರೆ 132 ಮಿ.ಮೀ. ಅಗಲವಿದ್ದ ಜಾಗಕ್ಕೆ 165 ಬರುತ್ತದೆ ಅನ್ನುವುದು ನೆನಪಿರಲಿ.

ಅದಕ್ಕೇ ನಾಲ್ಕು ಟಯರ್ ಕೊಳ್ಳುವ ಮೊದಲು ಒಂದನ್ನು ಕೂರಿಸಿ ನೋಡುವುದು ಒಳ್ಳೆಯದು. ಮನೆಯಲ್ಲಿ ಚಪಾತಿಗೆ ಕಲಸಿದ ಕಣಕ ಒಂದು ಮುಷ್ಟಿ ತನ್ನಿ. ಮಡ್‌ಗಾರ್ಡಿನ ಒಳಮೈ, ಟೈ ರಾಡ್ ಎಂಡ್ (ಸ್ಟಿಯರಿಂಗ್ ಸರಳಿನ ತುದಿಯ ಕೀಲು) ಎದುರು, ಹಿಂದೆ ಪಾಟಾ (ಸ್ಪ್ರಿಂಗ್ ಪಟ್ಟಿ) ಎದುರು ಸಣ್ಣ ಉಂಡೆ ಅಂಟಿಸಿ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಸ್ಟಿಯರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನಿಧಾನವಾಗಿ ಒಂದು ಸುತ್ತು ಹೊಡೆಯಿರಿ. ಕಣಕ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಸಂದು. 10 ಮಿ.ಮೀ.ಗಿಂತ ಕಡಿಮೆ ಇದ್ದರೆ ತಗ್ಗಿಗೆ ಬಿದ್ದಾಗ ಟಯರ್ ತಾಗಿಯೇ ತಾಗುತ್ತದೆ.

ಭಾರದ ಲೆಕ್ಕವೂ ಇದೆ, ಇದಕ್ಕೆ ಹೆಚ್ಚು ಮಾತು ಬೇಡ. ಅಮರಗೋಳ ಎಪಿಎಂಸಿ ಕಡೆ ಹೋದಾಗ ಯಾವುದಾದರೂ ಕಾಟಾದ ಮೇಲೆ ಜನ, ಸಾಮಾನು ತುಂಬಿದ ಗಾಡಿಯ ಮುಂದಿನ ಗಾಲಿ ಮಾತ್ರ ನಿಲ್ಲಿಸಿ ತೂಕ ತೆಗೆಯಿರಿ, ಆಮೇಲೆ ಹಿಂದಿನದು. ಅರ್ಧ ಮಾಡಿದರೆ ಒಂದು ಟಯರಿನ ಪಾಲು. ಟಯರ್ ಮೇಲಿನ ಲೋಡ್ ಇಂಡೆಕ್ಸ್, ಅಂದರೆ ಅದು ಎಷ್ಟು ಭಾರ ತಡೆಯುತ್ತದೆ ಅನ್ನುವ ಸಂಕೇತ, 82 ಅಂದರೆ 475 ಕೆ.ಜಿ., 87 ಅಂದರೆ 545 ಕೆ.ಜಿ. ಪಾಲಿಗಿಂತ ನೂರು ಕೆ.ಜಿ. ಹೆಚ್ಚು ತಡೆಯುವುದನ್ನು ಆರಿಸಿ.

ಟ್ಯೂಬಿನ ವಿಷಯದಲ್ಲಿ ಪಂಕ್ಚರ್ ಅಂಗಡಿಯವರು ಅವಸರ ಮಾಡುತ್ತಾರೆ, ಪಕ್ಕದಲ್ಲೇ ನಿಲ್ಲಿ. ರೇಡಿಯಲ್‌ಗೆ ರೇಡಿಯಲ್ ಅಂತ ಬರೆದ ಟ್ಯೂಬೇ ಬೇಕು. ಪಕ್ಕೆ ಹೆಚ್ಚು ಮಣಿಯುವುದರಿಂದ ಹಳೆಯ ಟ್ಯೂಬ್ ಜಂಟಿಯಲ್ಲಿ ಬಿಡುತ್ತದೆ. ಟಯರಿನ ಒಳಗೆ ಅಂಟಿಸಿದ ಕಾಗದದ ಚೀಟಿಗಳನ್ನು ಕಿತ್ತು ತೆಗೆಸಿ, ಅವು ಉಗುರಿನಂತೆ ಟ್ಯೂಬನ್ನು ಕೆರೆದು ತೂತು ಮಾಡುತ್ತವೆ. ಒಳಗೆಲ್ಲ ಪೌಡರ್ ಹಾಕಿಸಿ. ಡಿಸ್ಕಿನ ವಾಲ್ (ಹವಾ ತುಂಬುವ ನಳಿಗೆ) ತೂತು ಟ್ಯೂಬಿನ ವಾಲ್‌ಗಿಂತ ದೊಡ್ಡದಿದ್ದರೆ ರಬ್ಬರ್ ರಿಂಗ್ ಹಾಕಬೇಕು, ಇಲ್ಲದಿದ್ದರೆ ವಾಲ್ ಓರೆಯಾಗಿ ಬುಡದಲ್ಲಿ ಹರಿಯುತ್ತದೆ. ಹವಾ ತುಂಬಿಸಿ ಬೀಡ್ ಕೂತ ಮೇಲೆ ಪೂರ್ತಿ ಬಿಟ್ಟು ಮತ್ತೆ ತುಂಬಿಸಿ. ಟ್ಯೂಬಿನ ಮಡಿಕೆ ಬಿಡಿಸಿಕೊಳ್ಳಲು ಇದೊಂದೇ ದಾರಿ. 50 ಕಿ.ಮೀ. ಓಡಿಸಿದ ಮೇಲೆ ಪಾನಾ ಹಿಡಿದು ನಟ್‌ಗಳನ್ನು ಎದುರು ಬದುರು ಮತ್ತೊಮ್ಮೆ ಬಿಗಿಯಿರಿ.

ಇನ್ನು ಅಲೈನ್‌ಮೆಂಟ್. ಎಲ್ಲರೂ ಎಡವುವುದು ಇಲ್ಲೇ. ಹಳೆ ಕಾರಿನ ಮುಂದಿನ ಗಾಲಿಗಳನ್ನು ಬೇಕೆಂದೇ ಮುಂದೆ ಸ್ವಲ್ಪ ಒಳಮುಖ ಇಟ್ಟಿರುತ್ತಾರೆ, ಟೋ-ಇನ್ ಅನ್ನುವುದು ಇದಕ್ಕೇ. ನೈಲಾನ್ ಟಯರ್ ಓಡುವಾಗ ನೆಲ ಅದನ್ನು ಹೆಚ್ಚು ತಡೆಯುತ್ತದೆ, ಕೀಲುಗಳ ಸಡಿಲ ಹೊರಕ್ಕೆ ಜಗ್ಗಿ ಗಾಲಿಗಳು ನೆಟ್ಟಗಾಗುತ್ತವೆ. ಹಾಗಾಗಿ ನಿಂತಾಗ 3 ಮಿ.ಮೀ. ತನಕ ಒಳಮುಖ ಇದ್ದರೂ ನಡೆಯುತ್ತಿತ್ತು. ರೇಡಿಯಲ್‌ಗೆ ಆ ತಡೆ ಕಡಿಮೆ. ಅದೇ 3 ಮಿ.ಮೀ. ಬಿಟ್ಟರೆ ಗಾಲಿ ಓಡುವಾಗಲೂ ಒಳಮುಖವಾಗಿಯೇ ಉಳಿದು ಹೊರ ಅಂಚು ಗರಗಸದಂತೆ ಸವೆಯುತ್ತದೆ. ಅಂಗೈಯನ್ನು ಟಯರ್ ಮೇಲೆ ಹೊರಗಿನಿಂದ ಒಳಕ್ಕೆ ಸವರಿದರೆ ನುಣುಪು, ಒಳಗಿನಿಂದ ಹೊರಕ್ಕೆ ಸವರಿದರೆ ಚುಚ್ಚುತ್ತದೆ ಅಂದರೆ ಟೋ-ಇನ್ ಹೆಚ್ಚಾಗಿದೆ. ರೇಡಿಯಲ್‌ಗೆ ಸೊನ್ನೆಯಿಂದ 1.5 ಮಿ.ಮೀ. ಸಾಕು.

ಕಂಪ್ಯೂಟರ್ ಯಂತ್ರದವರಿಗೆ ಈ ಅಂಕಿಯನ್ನು ನೀವೇ ಹೇಳಬೇಕು, ಅವರ ಪಟ್ಟಿಯಲ್ಲಿ ನಿಮ್ಮ ಕಾರು ಇಲ್ಲದಿದ್ದರೆ ಬೇರೆ ಯಾವುದೋ ಕಾರಿನ ಲೆಕ್ಕ ಹಾಕಿಬಿಡುತ್ತಾರೆ. ಮನೆಯಲ್ಲೂ ಅಳೆಯಬಹುದು. ಮುಂದಿನ ಗಾಲಿ ಎತ್ತಿ, ಟಯರಿನ ನಡುವಿಗೆ ಸೀಮೆಸುಣ್ಣ ಬಳಿದು, ಹಲಗೆಗೆ ಹೊಡೆದ ಮೊಳೆಯನ್ನು ಅದಕ್ಕೆ ತಾಗಿಸಿ ಗಾಲಿ ತಿರುಗಿಸಿ. ಸುತ್ತಲೂ ಸಣ್ಣ ಗೆರೆ ಬೀಳುತ್ತದೆ. ಎರಡೂ ಗಾಲಿಗೆ ಹೀಗೆ ಮಾಡಿ ಗಾಡಿ ಇಳಿಸಿ, ಕೀಲುಗಳು ತಮ್ಮ ಜಾಗಕ್ಕೆ ಕೂರುವಂತೆ ಒಂದೆರಡು ಮೀಟರ್ ಮುಂದೆ ತಳ್ಳಿ. ಆಕ್ಸಲ್ ಎತ್ತರದಲ್ಲಿ ಗೆರೆಯಿಂದ ಗೆರೆಗೆ ಹಿಂಭಾಗದಲ್ಲಿ ಅಳತೆ ತೆಗೆದು ಅಲ್ಲೇ ಗುರುತು ಮಾಡಿ. ಆ ಗುರುತು ಮುಂದಕ್ಕೆ ಬರುವಂತೆ ಅರ್ಧ ಸುತ್ತು ತಳ್ಳಿ ಮತ್ತೆ ಅಳೆಯಿರಿ. ಮುಂದಿನ ಅಳತೆ ಎಷ್ಟು ಕಡಿಮೆಯೋ ಅಷ್ಟೇ ಟೋ-ಇನ್. ಇದಕ್ಕೂ ಮೊದಲು ಟೈ ರಾಡ್ ಎಂಡ್, ವ್ಹೀಲ್ ಬೇರಿಂಗ್ ಸಡಿಲ ಇದ್ದರೆ ಸರಿ ಮಾಡಿಸಿ, ಅಲ್ಲಾಡುವ ಗಾಲಿಗೆ ಅಲೈನ್‌ಮೆಂಟ್ ಮಾಡಿಸಿ ಉಪಯೋಗವಿಲ್ಲ.

ಹವಾ ಬಗ್ಗೆ ಇಷ್ಟೇ. ಹಳೆ ಕೈಪಿಡಿಯಲ್ಲಿ 22ರಿಂದ 26 ಪೌಂಡ್ ಆಸುಪಾಸು ಬರೆದಿದ್ದರೆ ಅದು ನೈಲಾನ್ ಲೆಕ್ಕ. ರೇಡಿಯಲ್‌ಗೆ ಮೂರು-ನಾಲ್ಕು ಪೌಂಡ್ ಹೆಚ್ಚು ಹಾಕಿ ಶುರು ಮಾಡಿ, ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ನೋಡಿ. ಸರಿಯಾದ ಹವಾ ಇದ್ದರೂ ರೇಡಿಯಲ್‌ನ ಪಕ್ಕೆ ಕೆಳಗೆ ಉಬ್ಬಿಕೊಂಡೇ ಕಾಣುತ್ತದೆ. ಅದನ್ನು ನೋಡಿ ‘ಹವಾ ಕಮ್ಮಿ ಐತ್ರಿ’ ಅಂತ 40 ತುಂಬಿಸುವವರಿದ್ದಾರೆ, ಗೇಜ್ ನಂಬಿ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಲು ಮೊದಲಿಗಿಂತ ಭಾರ ಅನ್ನಿಸುತ್ತದೆ. ಅದು ದೋಷವಲ್ಲ, ನೆಲಕ್ಕೆ ಹೆಚ್ಚು ರಬ್ಬರ್ ತಾಗಿದೆ. ಗಾಡಿಯನ್ನು ಒಂದಡಿ ಸರಿಸುತ್ತಾ ತಿರುಗಿಸಿ.

ಪ್ರಶ್ನೆ: ಸರ, ರೊಕ್ಕದ ತ್ರಾಸ ಐತ್ರಿ. ಈಗ ಮುಂದ ಎರಡ ರೇಡಿಯಲ್ ಹಾಕ್ಸಿ, ದೀಪಾವಳಿಗೆ ಹಿಂದ ಎರಡ ಹಾಕ್ಸಿದ್ರ ನಡೀತೈತೇನ್ರಿ?

ಅದೊಂದನ್ನು ಮಾತ್ರ ಮಾಡಬೇಡಿ. ತಿರುವಿನಲ್ಲಿ ನೈಲಾನ್ ಟಯರ್ ಬೇಗ ಹೊರಕ್ಕೆ ಜರುಗುತ್ತದೆ, ರೇಡಿಯಲ್ ಹಿಡಿದು ನಿಲ್ಲುತ್ತದೆ. ಮುಂದೆ ಹಿಡಿತ, ಹಿಂದೆ ಜಾರಿಕೆ ಆದರೆ ಮಳೆಯಲ್ಲಿ ಗಾಡಿಯ ಬಾಲ ಮುಂದಕ್ಕೆ ಬರುತ್ತದೆ, ಡ್ರೈವರ್ ಎಷ್ಟೇ ಪಳಗಿದ್ದರೂ ತಿದ್ದಲು ವೇಳೆ ಸಿಗುವುದಿಲ್ಲ. ಒಂದೇ ಆಕ್ಸಲ್ ಮೇಲೆ ಎಡಕ್ಕೊಂದು ಬಲಕ್ಕೊಂದು ಜಾತಿ ಇನ್ನೂ ಕೆಟ್ಟದ್ದು. ಎರಡೇ ಹಾಕಿಸಲೇಬೇಕಾದರೆ ರೇಡಿಯಲ್ ಹಿಂದಕ್ಕೆ ಇರಲಿ, ನೈಲಾನ್ ಮುಂದಕ್ಕೆ, ಅದೂ ನಿಧಾನ ಓಡಿಸುವ ಷರತ್ತಿನ ಮೇಲೆ. ಜೀಪಿನವರಿಗೆ ಈ ರಿಯಾಯಿತಿಯೂ ಇಲ್ಲ. ಮುಂದಿನ, ಹಿಂದಿನ ಟಯರಿನ ಸುತ್ತಳತೆ ಬೇರೆಯಾದರೆ ಫೋರ್ ವ್ಹೀಲ್ ಹಾಕಿ ಗಟ್ಟಿ ರಸ್ತೆಯಲ್ಲಿ ಓಡಿಸಿದಾಗ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಗಾಲಿಗಳಿಗೆ ಎಂಜಿನ್ ಬಲ ಹಂಚುವ ಪೆಟ್ಟಿಗೆ) ಹಲ್ಲುಗಳು ಒಂದಕ್ಕೊಂದು ಬಿಗಿದು ಲಿವರ್ ಹೊರಗೇ ಬರುವುದಿಲ್ಲ. ನನ್ನ ಮಾತು ಕೇಳಿದರೆ ದೀಪಾವಳಿಯ ತನಕ ಕಾದು ಐದೂ ಒಟ್ಟಿಗೇ ಹಾಕಿಸಿ.

ಪ್ರಶ್ನೆ: ಟ್ಯೂಬ್ ಬ್ಯಾಡ, ಟ್ಯೂಬ್‌ಲೆಸ್ ಮಾಡಿ ಕೊಡ್ತೀನಿ ಅಂತ ಅಂಗಡ್ಯಾವ ಅಂತಾನಲ್ರಿ?

ಟ್ಯೂಬ್‌ಲೆಸ್ ಡಿಸ್ಕಿನಲ್ಲಿ ಬೀಡ್ ಕೂರುವ ಜಾಗದ ಒಳಗಡೆ ಸುತ್ತಲೂ ಒಂದು ಸಣ್ಣ ಉಬ್ಬು ಇರುತ್ತದೆ. ಹವಾ ಕಡಿಮೆಯಾದಾಗ ಬೀಡ್ ಒಳಗೆ ಜಾರದಂತೆ ತಡೆಯುವುದು ಅದೇ. ಬೆರಳಾಡಿಸಿ ನೋಡಿ, ಹಳೆ ಡಿಸ್ಕಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ರಿವೆಟ್ ಹೊಡೆದ ಡಿಸ್ಕ್ ಆದರೆ ರಿವೆಟ್ ಸಂದಿನಲ್ಲೇ ಹವಾ ಸೋರುತ್ತದೆ. ಟ್ಯೂಬ್ ಹಾಕಿಸಿ.

ಪ್ರಶ್ನೆ: ನಮ್ಮ ಗಾಡಿ ವರ್ಷಕ್ಕ ನಾಲ್ಕ ಸಲ ಹೊರಗ ಬರ್ತೈತ್ರಿ. ನೈಲಾನ್ ಟಯರ್ ಗೆರಿ ಇನ್ನೂ ಚಲೋ ಅದಾವು. ಬದ್ಲಿ ಮಾಡಬೇಕೇನ್ರಿ?

ಗೆರೆ ನೋಡಬೇಡಿ, ತಾರೀಕು ನೋಡಿ. ಪಕ್ಕೆಯ ಮೇಲೆ ಒಂದು ಉದ್ದುಂಡೆ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2214 ಅಂದರೆ 2014ರ 22ನೇ ವಾರ. ಚೌಕಟ್ಟು ಒಂದೇ ಬದಿಗೆ ಇರಬಹುದು, ಹೊರಗೆ ಕಾಣದಿದ್ದರೆ ಒಳಬದಿಗೆ ಟಾರ್ಚ್ ಬಿಡಿ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಮೊದಲಿನದು, ಇವತ್ತು ಅದರ ಮೇಲೆ ಮನೆಗೆ ಹೋಗುವಾಗಲೂ 30 ದಾಟಬೇಡಿ. ಆರು ವರ್ಷವಾದ ಮೇಲೆ ಪ್ರತಿ ವರ್ಷ ಗೆರೆಗಳ ಬುಡ ಮತ್ತು ಪಕ್ಕೆಯಲ್ಲಿ ಸಣ್ಣ ಬಿರುಕು ಹುಡುಕಿ, ಹತ್ತು ತುಂಬಿದರೆ ಹೊಸದರಂತೆ ಕಂಡರೂ ತೆಗೆಯಿರಿ. ನಿಂತ ಗಾಡಿಯ ನೈಲಾನ್ ಟಯರ್ ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗುತ್ತದೆ, ಹೊರಟಾಗ ಮೊದಲ ಐದಾರು ಕಿ.ಮೀ. ದಡದಡ ಅನ್ನುವುದು ಅದಕ್ಕೇ. ನಿಲ್ಲಿಸುವಾಗ ಟಯರ್ ಮೇಲೆ ಬರೆದ ಗರಿಷ್ಠ ಹವಾ ಮೀರದಂತೆ ಏಳೆಂಟು ಪೌಂಡ್ ಹೆಚ್ಚು ತುಂಬಿಸಿ, ತಿಂಗಳಿಗೊಮ್ಮೆ ಕಾಲು ಸುತ್ತು ತಳ್ಳಿ. ಈಗ ಹೊರಗೆ ಹೋದಾಗ ಡಿಕ್ಕಿ ತೆರೆದು ಸ್ಟೆಪ್ನಿಯ ತಾರೀಕನ್ನೂ ಓದಿ. ನಾಲ್ಕು ಗಾಲಿಗೆ ಹೊಸ ಟಯರ್ ಹಾಕಿಸಿ, ಸ್ಟೆಪ್ನಿಯಲ್ಲಿ ಮಾತ್ರ ಗಾಡಿ ಕೊಂಡ ದಿನದ ಟಯರ್ ಹಾಗೇ ಇಟ್ಟವರು ಈ ಸಭೆಯಲ್ಲೇ ಇರಬೇಕು.